ಮಾತೃಭೋಜನವಾದ ಮೇಲೆ

ಮಗನನ್ನು ಐದು ವರ್ಷದವರೆಗೆ ಮುದ್ದಿಸಬೇಕು, ಮುಂದಿನ ಹತ್ತು ವರ್ಷ ಶಿಕ್ಷಣದಲ್ಲಿಟ್ಟು ದಂಡಿಸಬೇಕು, ಹದಿನಾರು ಬಂದೊಡನೆ ಮಿತ್ರನಂತೆ ಕಾಣಬೇಕು ಎಂಬ ನೀತಿಯನ್ನು ಈ ಪತ್ರಿಕೆಯ ವಾಚಕರಲ್ಲಿ ಕೇಳದವರು ವಿರಳ. ಮೂವತ್ತೆರಡು ವರ್ಷಕಾಲ ಪ್ರೌಢಶಾಲೆಯ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಾನು ಅದನ್ನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿರುವೆನೋ ಲೆಕ್ಕವಿಲ್ಲ. ಒಮ್ಮೆ ನನ್ನ ಸೊಸೆ ಅದನ್ನು ಕೇಳಿ, “ಹದಿನೈದನೆಯ ವರ್ಷದ ಕೊನೆಯ ರಾತ್ರಿ ಬೆತ್ತವನ್ನು ಎಲ್ಲಿ ಬಚ್ಚಿಡಬೇಕೆಂದೂ ಹೇಳಿದ್ದಾರೆಯೆ, ಮಾವನವರೆ?” ಎಂದಳು. ಅದು ಹಾಸ್ಯದ ಮಾತು. ಅದರ ಬೆನ್ನಿಗೇ ಅವಳು ಕೇಳಿದುದು ಹಾಸ್ಯವಾಗಿರಲಿಲ್ಲ: “ಇದೆಲ್ಲ ತಂದೆಗೆ ಹೇಳಿದ್ದು. ತಾಯಿ ಏನು ಮಾಡಬೇಕೆಂದು ಯಾರಾದರೂ ಬರೆದಿದ್ದಾರೆಯೆ?”

ತಾಯಿಯ ಸ್ತುತಿಗೆ ನಮ್ಮ ಗ್ರಂಥಗಳಲ್ಲಿ ಕೊರತೆಯಿಲ್ಲ. ಗೌರವದಲ್ಲಿ ಒಬ್ಬ ತಾಯಿಯು ಸಾವಿರ ಮಂದಿ ತಂದೆಯರನ್ನು ಮೀರುವಳೆಂದು ಮನುಸ್ಮೃತಿಯು ಹೇಳುವುದು. ತೈತ್ತಿರೀಯದ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು, ವಿದ್ಯೆ ಮುಗಿಸಿದ ಶಿಷ್ಯನಿಗೆ ದೇವರೆಂದು ಭಾವಿಸತಕ್ಕವರನ್ನು ಎಣಿಸುವಾಗ, ತಾಯಿಯಿಂದಲೇ ಮೊದಲುಮಾಡುವನು. ಆದರೆ ಸ್ತುತಿ ಬೇರೆ, ವಿಧಿ ಬೇರೆ. ಹದಿನಾಲ್ಕು ವರ್ಷದ ಮಗ ಊಟದ ತಟ್ಟೆಯನ್ನು ತಳ್ಳಿ ಎದ್ದುಹೋದಾಗ ಆ ಸಾವಿರ ತಂದೆಯರ ಗೌರವ ಯಾವ ಕೆಲಸಕ್ಕೆ ಬಂದೀತು?

ಶಾಸ್ತ್ರವು ಇಲ್ಲಿ ಮೌನವಾಗಿರುವುದಕ್ಕೆ ನನಗೆ ತೋರುವ ಕಾರಣ ಬಹು ಸರಳವಾದುದು. ಆ ವಯಸ್ಸಿನ ಹುಡುಗನು ತಾಯಿಯ ಬಳಿ ಇರುತ್ತಲೇ ಇರಲಿಲ್ಲ. ಆಶ್ವಲಾಯನ ಗೃಹ್ಯಸೂತ್ರವು ಉಪನಯನಕ್ಕೆ ಬ್ರಾಹ್ಮಣನಿಗೆ 8ನೆಯ ವರ್ಷವನ್ನೂ ಕ್ಷತ್ರಿಯನಿಗೆ 11ನೆಯ ವರ್ಷವನ್ನೂ ವೈಶ್ಯನಿಗೆ 12ನೆಯ ವರ್ಷವನ್ನೂ ವಿಧಿಸುವುದು. ಆ ದಿನ ಮಾತೃಭೋಜನವೆಂಬುದೊಂದುಂಟಷ್ಟೆ. ತಾಯಿಯೂ ಮಗನೂ ಜೊತೆಯಲ್ಲಿ ಕುಳಿತು ಉಣ್ಣುವ ಕಡೆಯ ಊಟ ಅದು. ಆಮೇಲೆ ವಟುವು ಮೊದಲ ಭಿಕ್ಷೆಯನ್ನು ಬೇಡುವುದೂ ತಾಯಿಯನ್ನೇ, ಅಥವಾ ಅಕ್ಕತಂಗಿಯರನ್ನು, ಇಲ್ಲವೆ ತಾಯಿಯ ಸೋದರಿಯನ್ನು. ಇಲ್ಲವೆನ್ನದವಳನ್ನು ಆರಿಸಿಕೊಳ್ಳಬೇಕೆಂಬುದು ಅಲ್ಲಿಯ ಅಭಿಪ್ರಾಯ. ಬೆಳಗ್ಗೆ ಮಗನಾಗಿ ಉಂಡವನು ಮಧ್ಯಾಹ್ನಕ್ಕೆ ಭಿಕ್ಷುವಾಗಿ ಅವಳ ಮುಂದೆ ನಿಲ್ಲುವನು. ಬಳಿಕ ಗುರುಕುಲ, ಮನುವಿನ ಪ್ರಕಾರ 36 ವರ್ಷ, ಅಥವಾ ಅದರ ಅರ್ಧ, ಅಥವಾ ಕಾಲುಭಾಗ, ಇಲ್ಲವೆ ವಿದ್ಯೆ ಕೈಗೆ ಹತ್ತುವವರೆಗೆ.

ಛಾಂದೋಗ್ಯದ ಶ್ವೇತಕೇತುವು 12ನೆಯ ವಯಸ್ಸಿನಲ್ಲಿ ಹೋಗಿ 24ನೆಯ ವಯಸ್ಸಿನಲ್ಲಿ ಮರಳಿದನು. ನಡುವಣ ಹನ್ನೆರಡು ವರ್ಷಗಳು, ಎಂದರೆ ನಾವು ಈಗ ಹದಿಹರೆಯವೆನ್ನುವ ಇಡಿಯ ಕಾಲ, ಅಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ. ಅವನ ದನಿ ಒಡೆದುದನ್ನೂ ಮೀಸೆ ಮೊಳೆತುದನ್ನೂ ತಾಯಿ ನೋಡಿದಳೋ ಇಲ್ಲವೋ, ಉಪನಿಷತ್ತಿಗೆ ಅದು ಬೇಕಾಗಿಲ್ಲ. ಸತ್ಯಕಾಮನ ತಾಯಿ ಜಬಾಲೆಯಾದರೋ ಒಂಟಿಯಾಗಿ ಮಗನನ್ನು ಸಾಕಿದವಳು. ಗೋತ್ರವಾವುದೆಂದು ಅವನು ಕೇಳಿದಾಗ, ತನಗೆ ತಿಳಿಯದೆಂದು ಮುಚ್ಚುಮರೆಯಿಲ್ಲದೆ ಹೇಳಿದವಳು. ಆ ಸತ್ಯವನ್ನೇ ಹೊತ್ತು ಮಗನು ಗೌತಮನ ಬಳಿಗೆ ಹೋದನು. ಬಡಕಲು ಹಸುಗಳು ನಾನೂರನ್ನು ಹೊಡೆದುಕೊಂಡು ಕಾಡಿಗೆ ಹೊರಟು, ಅವು ಸಾವಿರವಾಗುವವರೆಗೆ ಹಿಂದಿರುಗಲಿಲ್ಲ. ಜಬಾಲೆಯ ಮಾತು ಮತ್ತೆ ಬರುವುದೇ ಇಲ್ಲ.

ನನ್ನ ಕಾಲದಲ್ಲಿಯೂ ಇದರ ಒಂದು ಶೇಷ ಉಳಿದಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ನನ್ನನ್ನು ಸಂಸ್ಕೃತ ಪಾಠಶಾಲೆಗೆ ಸೇರಿಸಿದರು. ತಿಂಗಳಿಗೊಮ್ಮೆ ಊರಿನಿಂದ ಚಟ್ನಿಪುಡಿಯೂ ಹುರಿಹಿಟ್ಟೂ ಬರುತ್ತಿದ್ದುವು, ತಾಯಿ ಬರುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ದಸರೆಯ ರಜೆಗೆಂದು ಹೋಗಿ ಬಾಗಿಲಲ್ಲಿ ನಿಂತು ಕೂಗಿದಾಗ, ನಮ್ಮಮ್ಮ ಯಾರೋ ಗಂಡಸರು ಬಂದರೆಂದು ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. ಮಿಕ್ಕ ಮನೆಗಳಲ್ಲಿಯೂ ಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಒಕ್ಕಲು ಮನೆಯ ಹುಡುಗ ಆ ವಯಸ್ಸಿಗೆ ನೇಗಿಲ ಹಿಂದೆ ಇರುತ್ತಿದ್ದನು, ನೇಕಾರರ ಹುಡುಗ ಮಗ್ಗದ ಮುಂದೆ, ವರ್ತಕರ ಹುಡುಗ ಸೋದರಮಾವನ ಅಂಗಡಿಯ ಗಲ್ಲದ ಬಳಿ. ಅವನ ಸಿಡುಕನ್ನು ಎತ್ತೋ ಮಗ್ಗವೋ ಗಿರಾಕಿಯೋ ತಿದ್ದುತ್ತಿದ್ದುವು. (ಹೆಣ್ಣುಮಕ್ಕಳನ್ನು ಅದೇ ವಯಸ್ಸಿನಲ್ಲಿ ಇನ್ನೊಬ್ಬರ ಮನೆಗೆ ಕಳುಹಿಸಿಬಿಡುತ್ತಿದ್ದರು, ಆ ಕಥೆ ಇದಕ್ಕಿಂತ ದಾರುಣವಾದುದು, ಅದನ್ನು ಬೇರೆಯೇ ಬರೆಯಬೇಕು.) ಆದುದರಿಂದ ಹನ್ನೆರಡರಿಂದ ಹದಿನೆಂಟರವರೆಗಿನ ಗಂಡುಮಗನನ್ನು ದಿನವೂ ಎದುರಿನಲ್ಲಿಟ್ಟುಕೊಂಡು ಬೆಳೆಸುವ ಕೆಲಸವು ತಾಯಂದಿರಿಗೆ ಈಚೆಗೆ ಬಂದ ಕೆಲಸ. ಅದಕ್ಕೆ ಸೂತ್ರವನ್ನು ಬರೆದವರಿಲ್ಲ.

ನಮ್ಮ ಮನೆಯ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳುವೆನು. ಮಗನು ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಹೊರಪ್ರಾಂತದಲ್ಲಿರುವನು, ಎರಡು ತಿಂಗಳಿಗೊಮ್ಮೆ ಬರುವನು. ನನ್ನ ಪತ್ನಿಯು ತೀರಿಕೊಂಡು ಏಳು ವರ್ಷಗಳಾದುವು. ಸೊಸೆಯು ಇಲ್ಲಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಮೊಮ್ಮಕ್ಕಳಿಬ್ಬರು, ಒಬ್ಬನಿಗೆ ಹದಿನೇಳು, ಒಬ್ಬನಿಗೆ ಹದಿಮೂರು. ಮನೆಯಲ್ಲಿ ಹೆಂಗಸೆಂದರೆ ಅವಳೊಬ್ಬಳೆ.

ಅವಳು ಆಗಾಗ ಹೇಳಿದುದನ್ನು ಕೂಡಿಸಿ ಬರೆಯುತ್ತಿರುವೆನು. ಶಾಲೆಯ ಬಾಗಿಲಿಂದ ಮನೆಯವರೆಗೆ ಬಾಯಿ ಮುಚ್ಚದೆ ಎಲ್ಲವನ್ನೂ ಒಪ್ಪಿಸುತ್ತಿದ್ದ ದೊಡ್ಡವನು, ಹದಿಮೂರು ತುಂಬಿದ ಕೆಲವು ತಿಂಗಳಲ್ಲಿ, ‘ಹೂಂ’, ‘ಊಹೂಂ’, ‘ಗೊತ್ತಿಲ್ಲ’ ಎಂಬ ಮೂರು ಶಬ್ದಗಳಿಗೆ ಇಳಿದುಬಿಟ್ಟನು. ಮೊದಮೊದಲು ಅವಳಿಗೆ ಅಳು ಬರುತ್ತಿತ್ತಂತೆ. “ಅವನಿಗೆ ನನ್ನ ಮೇಲೆ ಕೋಪವಿದ್ದಿದ್ದರೆ ತಾಳಬಹುದಾಗಿತ್ತು. ಕೋಪವೂ ಇರಲಿಲ್ಲ. ಛತ್ರದಲ್ಲಿ ಇಳಿದುಕೊಂಡವನ ಹಾಗೆ ಇದ್ದ” ಎಂದಳು. ಎದುರಿಗೆ ಕೂರಿಸಿಕೊಂಡು ಕೇಳಿದರೆ ಹುಡುಗರು ಹೇಳುವುದಿಲ್ಲವೆಂಬುದನ್ನು ಅವಳು ನಿಧಾನವಾಗಿ ಕಂಡುಕೊಂಡಳು. ಮುಖವನ್ನು ನೋಡಬಾರದು, ಕೈಗೆ ಕೆಲಸ ಕೊಡಬೇಕು. ಸ್ಕೂಟರಿನ ಹಿಂದುಗಡೆ ಕುಳಿತಾಗ, ಒಗೆದ ಹೊದಿಕೆಯನ್ನು ಆ ತುದಿ ಈ ತುದಿ ಹಿಡಿದು ಹಿಂಡುವಾಗ, ತೆಂಗಿನಕಾಯಿ ಸುಲಿಯುವಾಗ, ಮಾತು ತಾನಾಗಿ ಹೊರಬೀಳುವುದು. ಬಂದ ಮಾತಿಗೆ ಒಡನೆಯೆ ಬುದ್ಧಿ ಹೇಳಿದರೆ ಅದು ಮತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದು. ಉಪಾಧ್ಯಾಯ ವೃತ್ತಿಯ ನಮ್ಮಂಥವರಿಗೆ ಈ ಎರಡನೆಯ ನಿಯಮವು ಬಹು ಕಠಿಣ.

ನಿದ್ರೆಯ ವಿಷಯದಲ್ಲಿ ಅವಳಿಗೂ ನನಗೂ ಇನ್ನೂ ಸಂಧಿಯಾಗಿಲ್ಲ. ಬ್ರಾಹ್ಮೀಮುಹೂರ್ತದಲ್ಲಿ ಏಳುವ ನನ್ನ ಕಣ್ಣಿಗೆ ಭಾನುವಾರ ಎಂಟೂವರೆಯವರೆಗೆ ಮುಸುಕು ಹಾಕಿ ಮಲಗಿರುವ ಮೊಮ್ಮಗನು ಹಿತವಾಗಿ ಕಾಣುವುದಿಲ್ಲ. ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ದ್ರವ್ಯವು ಈ ವಯಸ್ಸಿನಲ್ಲಿ ರಾತ್ರಿ ಒಂದೆರಡು ಗಂಟೆ ತಡವಾಗಿ ಹುಟ್ಟುವುದೆಂದೂ, ಬೆಳವಣಿಗೆಯ ಭರದಲ್ಲಿ ಹುಡುಗನು ವರ್ಷಕ್ಕೆ 9-10 ಸೆಂಟಿಮೀಟರುಗಳಷ್ಟು ಎತ್ತರವಾಗುವನೆಂದೂ ಅವಳು ಓದಿ ನನಗೆ ಹೇಳಿದಳು. ಆತುರವನ್ನು ತಡೆದು ಮುಂದಾಲೋಚನೆ ಮಾಡತಕ್ಕ ಮೆದುಳಿನ ಮುಂಭಾಗವು ಇಪ್ಪತ್ತೈದರ ಸುಮಾರಿಗೆ ಮಾತ್ರ ಪಕ್ವವಾಗುವುದೆಂದು ಈಗಿನ ವಿಜ್ಞಾನಿಗಳು ಹೇಳುವರು. ಇದನ್ನು ಕೇಳಿದಾಗ ನನಗೆ ಶ್ವೇತಕೇತುವಿನ ನೆನಪಾಯಿತು. ಇಪ್ಪತ್ತನಾಲ್ಕರಲ್ಲಿ ವೇದಗಳೆಲ್ಲವನ್ನೂ ಓದಿ ಬಂದರೂ ಅವನು ಸೆಟೆದುಕೊಂಡೇ ಇದ್ದನಷ್ಟೆ. ಉದ್ದಾಲಕನು ಆಮೇಲೆ ಪಾಠವನ್ನು ಮೊದಲುಮಾಡಬೇಕಾಯಿತು. ಹದಿನಾರಕ್ಕೇ ಮೈತ್ರಿಯನ್ನು ವಿಧಿಸಿದ ನೀತಿಕಾರನು ಸ್ವಲ್ಪ ಅವಸರಪಟ್ಟನೆಂದು ತೋರುವುದು.

ದೂರವಾಣಿಯ ಯಂತ್ರದ ಪೀಡೆಯನ್ನು ವಿಸ್ತರಿಸುವುದಿಲ್ಲ, ಎಲ್ಲರ ಮನೆಯಲ್ಲಿಯೂ ಇರುವುದೇ. ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲುಗಳೂ ನಡುಮನೆಯ ಗೂಡಿಗೆ ಹೋಗತಕ್ಕದ್ದೆಂದು ಅವಳ ಆಜ್ಞೆ. ‘ಎಲ್ಲರ’ ಎಂಬುದರಲ್ಲಿ ನಾನೂ ಸೇರಿರುವೆನು.

ಇನ್ನು ನಿಜವಾದ ಪರೀಕ್ಷೆಯ ವಿಷಯ. ದೊಡ್ಡವನು ಎಸ್. ಎಸ್. ಎಲ್. ಸಿ.ಯಲ್ಲಿದ್ದ ವರ್ಷ, ಜನವರಿಯ ಒಂದು ರಾತ್ರಿ, ತಾಯಿಮಕ್ಕಳು ನೆನೆದ ಅವರೆಕಾಳನ್ನು ಹಿದುಕುತ್ತ ಕುಳಿತಿದ್ದರು. ಚಿಕ್ಕವನು ತೂಕಡಿಸಿ ಎದ್ದುಹೋದನು. ಆಗ ದೊಡ್ಡವನು ಬೋಗುಣಿಯನ್ನೇ ನೋಡುತ್ತ, “ಅಮ್ಮಾ, ನನಗೆ ಸೈನ್ಸ್ ಬೇಡ. ಅಪ್ಪನಿಗೆ ಹೇಳಬೇಡ” ಎಂದನು. ವಾಣಿಜ್ಯಶಾಸ್ತ್ರವನ್ನು ಓದಬೇಕೆಂದು ಅವನ ಇಚ್ಛೆ. ತನ್ನಂತೆ ಮಗನೂ ಲೆಕ್ಕದ ಪುಸ್ತಕವನ್ನು ಹೊತ್ತು ಊರೂರು ಅಲೆಯಬಾರದು, ಎಂಜಿನಿಯರಾಗಬೇಕು ಎಂದು ತಂದೆಯು ಹತ್ತು ವರ್ಷದಿಂದ ಹಣ ಕೂಡಿಡುತ್ತ ಬಂದಿರುವನೆಂಬುದು ಅವಳಿಗೆ ತಿಳಿದಿತ್ತು. ಅವಳು ಹೇಳಿದುದು ಇಷ್ಟೆ: “ಹೇಳುವುದಿಲ್ಲ.” ಜನವರಿಯಿಂದ ಮೇ ತಿಂಗಳವರೆಗೆ, ಪ್ರತಿ ರಾತ್ರಿ ಗಂಡನೊಡನೆ ದೂರವಾಣಿಯಲ್ಲಿ ಮಾತನಾಡಿಯೂ, ಅವಳು ಹೇಳಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶವು ಬಂತು. 625ಕ್ಕೆ 583. ಕರಾವಳಿಯ ವಸತಿ ಕಾಲೇಜೊಂದರಲ್ಲಿ ವಿಜ್ಞಾನಕ್ಕೆ ಸೇರಿಸುವುದೆಂದು ಮಗನು ಅಲ್ಲಿಂದಲೇ ನಿಶ್ಚಯಿಸಿದನು. ಎರಡು ವರ್ಷ ಅಲ್ಲಿಯೇ ಊಟ, ಅಲ್ಲಿಯೇ ಪಾಠ, ಪ್ರವೇಶಪರೀಕ್ಷೆಗೆ ತರಬೇತು. ಈ ಊರಿನಿಂದಲೇ ವರ್ಷಕ್ಕೆ ಹಲವು ಹುಡುಗರು ಹಾಗೆ ಹೋಗುವರು. ನಾನು ಸೊಸೆಗೆ, “ಹಿಂದಿನವರೂ ಗುರುಕುಲಕ್ಕೆ ಕಳುಹಿಸುತ್ತಿದ್ದರಲ್ಲಮ್ಮ” ಎಂದೆನು. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, “ಅಲ್ಲಿ ಗುರುಪತ್ನಿ ಎಂಬವಳೊಬ್ಬಳು ಇರುತ್ತಿದ್ದಳಲ್ಲವೆ, ಮಾವನವರೆ? ಹಾಸ್ಟೆಲಿನಲ್ಲಿ ಯಾರಿರುತ್ತಾರೆ? ಅವನು ಮನೆಯಲ್ಲಿ ಮಾತಾಡದಿದ್ದರೂ ಚಿಂತೆಯಿಲ್ಲ. ಮಾತಾಡದಿರುವುದು ನನಗೆ ಕೇಳಿಸುತ್ತಿರಬೇಕು” ಎಂದಳು.

ಅವಳು ಛಾಂದೋಗ್ಯವನ್ನು ಓದಿದವಳಲ್ಲ. ಆದರೂ ಅವಳ ಮಾತು ಅಲ್ಲಿಯ ಉಪಕೋಸಲನ ಕಥೆಗೆ ನೆಟ್ಟಗೆ ಹೋಗಿ ಮುಟ್ಟಿತು. ಹಸುಗಳನ್ನು ಕಾಯ್ದ ಅದೇ ಸತ್ಯಕಾಮನು ಮುಂದೆ ಆಚಾರ್ಯನಾದನು. ಅವನಲ್ಲಿ ಉಪಕೋಸಲನು ಹನ್ನೆರಡು ವರ್ಷ ಅಗ್ನಿಗಳನ್ನು ಉಪಚರಿಸಿದನು. ಮಿಕ್ಕ ಶಿಷ್ಯರಿಗೆ ಮನೆಗೆ ಹೋಗಲು ಅಪ್ಪಣೆಯಾಯಿತು, ಇವನಿಗೆ ಆಗಲಿಲ್ಲ. ಆಗ ಗುರುಪತ್ನಿಯು ಗಂಡನಿಗೆ, ಹುಡುಗ ತಪಿಸಿ ಬಳಲಿರುವನು, ಅಗ್ನಿಗಳನ್ನು ಚೆನ್ನಾಗಿ ನೋಡಿಕೊಂಡಿರುವನು, ಅವನಿಗೆ ಉಪದೇಶಿಸಿ ಎಂದು ಹೇಳುವಳು. ಸತ್ಯಕಾಮನು ಉತ್ತರವನ್ನೇ ಕೊಡದೆ ಪ್ರವಾಸ ಹೊರಟುಹೋಗುವನು. ಹುಡುಗನು ಮನೋವ್ಯಥೆಯಿಂದ ಊಟ ಬಿಡುವನು. ಏಕೆ ಉಣ್ಣುತ್ತಿಲ್ಲವೆಂದು ಬಂದು ಕೇಳುವವಳು ಅವಳೇ. ನಾನು ಈ ಭಾಗವನ್ನು ಪಾಠಶಾಲೆಯಲ್ಲಿ ಭಾಷ್ಯಸಹಿತವಾಗಿ ಓದಿದವನು. ಅಲ್ಲಿ ನಮ್ಮ ಚರ್ಚೆಯೆಲ್ಲ ಅಗ್ನಿಗಳು ಉಪದೇಶಿಸಿದ ಬ್ರಹ್ಮದ ಮೇಲೆ ನಡೆಯಿತು. ಊಟ ಬಿಟ್ಟ ಹುಡುಗನ ಬಳಿಗೆ ಬಂದವಳ ಹೆಸರೇನೆಂದು ಯಾರೂ ಕೇಳಲಿಲ್ಲ, ಉಪನಿಷತ್ತೂ ಹೇಳುವುದಿಲ್ಲ.

ಮಗನು ರಜೆಯ ಮೇಲೆ ಬಂದನು. ಅದರ ಹಿಂದಿನ ರಾತ್ರಿ ಸೊಸೆಯು ಹುಡುಗನಿಗೆ, “ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಹೇಳುವುದಿಲ್ಲ. ನೀನೇ ಹೇಳಬೇಕು. ನಾನು ಪಕ್ಕದಲ್ಲಿ ಕುಳಿತಿರುತ್ತೇನೆ” ಎಂದಳು. ಅವನು ಹೇಳಿದನು. ದನಿ ನಡುಗಿತು, ಆದರೆ ಪೂರ್ತಿಯಾಗಿ ಹೇಳಿದನು. ತಂದೆಯು ಬಹಳ ಹೊತ್ತು ಸುಮ್ಮನಿದ್ದು, ಹುಡುಗನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, “ನಿನಗೆ ಗೊತ್ತಿತ್ತೆ?” ಎಂದನು. “ಗೊತ್ತಿತ್ತು.” “ಎಂದಿನಿಂದ?” “ಜನವರಿಯಿಂದ.” ಅವನು ಮಾರನೆಯ ದಿನವೇ ಬಸ್ಸು ಹತ್ತಿದನು. ಒಂದು ತಿಂಗಳ ಕಾಲ ದೂರವಾಣಿಯು ನನಗೆ ಮಾತ್ರ ಬರುತ್ತಿತ್ತು. ನನ್ನ ಆರೋಗ್ಯವನ್ನು ಅವನು ಅಷ್ಟು ವಿಚಾರಿಸಿದುದು ಹಿಂದೆಂದೂ ಇಲ್ಲ.

ಮಗನಿಗಾದ ನೋವು ಸುಳ್ಳಲ್ಲ. ಐದು ತಿಂಗಳು ಹೆಂಡತಿ ತನ್ನಿಂದ ಒಂದನ್ನು ಮುಚ್ಚಿಟ್ಟಳೆಂದರೆ ಯಾವ ಗಂಡನಿಗಾದರೂ ನೋಯುವುದು. ಒಂದು ಸಂಜೆ ನಾನು ಅವಳನ್ನು ಕೇಳಿಯೇಬಿಟ್ಟೆನು. ಅವಳೆಂದಳು: “ಅವರು ದೊಡ್ಡವರು, ಕೋಪ ಇಳಿಯುತ್ತದೆ. ಇವನು ಮೂರು ವರ್ಷದ ಮೇಲೆ ಮೊದಲ ಸಲ ಬಾಯಿ ಬಿಟ್ಟಿದ್ದ. ಈ ಮಾತು ನನ್ನ ಹತ್ತಿರ ನಿಲ್ಲದೆ ಹೋಗಿದ್ದರೆ ಇನ್ನೊಂದು ಮಾತು ನನ್ನ ಹತ್ತಿರ ಬರುತ್ತಿರಲಿಲ್ಲ. ಮುಂದೆ ಬರುವುದು ಇದಕ್ಕಿಂತ ದೊಡ್ಡದಾಗಿದ್ದರೆ?” ನನ್ನ ಸ್ವಂತ ಮಗನು ಎದುರುಪಕ್ಷದಲ್ಲಿದ್ದರೂ ಈ ವ್ಯಾಜ್ಯದಲ್ಲಿ ನಾನು ಸೊಸೆಯ ಕಡೆಯವನು. ಮಗನಿಗೆ ಹಾಗೆಂದು ಬರೆದೂ ಬರೆದೆನು.

ಹುಡುಗನು ಈಗ ಇಲ್ಲಿಯೇ ದ್ವಿತೀಯ ಪಿ. ಯು. ಸಿ.ಯಲ್ಲಿ ವಾಣಿಜ್ಯವನ್ನು ಓದುತ್ತಿರುವನು. ಅಂಕಗಳು ಮಧ್ಯಮ, ಏಳುವುದು ತಡ. ಗೌರಿ-ಗಣೇಶನ ಹಬ್ಬಕ್ಕೆ ಬಂದಿದ್ದ ತಂದೆಯು, ಅವನ ಖಾತೆಪುಸ್ತಕದ ಅಭ್ಯಾಸದಲ್ಲಿ ಜಮೆ ಖರ್ಚು ತಾಳೆಯಾಗದಿದ್ದುದನ್ನು ಕಂಡು, ಕನ್ನಡಕ ತರಿಸಿಕೊಂಡು ರಾತ್ರಿ ಹತ್ತೂವರೆಯವರೆಗೆ ಪಕ್ಕದಲ್ಲಿ ಕುಳಿತು ಸರಿಪಡಿಸಿದನು. ಎಂಜಿನಿಯರಿಂಗಿನ ಮಾತನ್ನು ಅವನು ಪೂರ್ತಿಯಾಗಿ ಬಿಟ್ಟಿರುವನೆಂದು ಹೇಳಲಾರೆನು; ಚಿಕ್ಕವನ ಕಡೆ ನೋಡಲು ಮೊದಲುಮಾಡಿರುವನು.

ಚಿಕ್ಕವನ ದನಿ ಈ ವರ್ಷ ಒಡೆಯುತ್ತಿದೆ. ಈ ಸಲದ ಅವರೆಕಾಯಿಯ ಕಾಲದಲ್ಲಿ ಅವನು ತೂಕಡಿಸದೆ ಕೊನೆಯವರೆಗೆ ಬೋಗುಣಿಯ ಮುಂದೆ ಕುಳಿತಿದ್ದನು. ಶಾಲೆಯಲ್ಲಿ ಏನು ವಿಶೇಷವೆಂದು ನಾನು ಕೇಳಿದೆನು. “ಗೊತ್ತಿಲ್ಲ, ತಾತ” ಎಂದನು. ಅವನ ತಾಯಿ ಏನೂ ಕೇಳಲಿಲ್ಲ. ಇನ್ನೊಂದು ಹಿಡಿ ಕಾಳನ್ನು ಅವನ ಮುಂದಕ್ಕೆ ಸರಿಸಿದಳು.