ದೇವಬಾಗದ ಮರಳಿಗೆ ನಮ್ಮ ಜೀಪು

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವಲ್ಲಿ, ನದಿಯ ಉತ್ತರ ದಡಕ್ಕೆ ಅಂಟಿಕೊಂಡಂತೆ ದೇವಬಾಗ ಇದೆ. ಒಂದು ಕಡೆ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ನಡುವೆ ಗಾಳಿಮರಗಳ ತೋಪು, ತೆಂಗಿನ ಮರಗಳು, ಮೀನುಗಾರರ ಮನೆಗಳು, ಉದ್ದಕ್ಕೂ ಮರಳು. ಅಲ್ಲಿಗೆ ಎರಡು ದಾರಿ. ಕೋಡಿಬಾಗದಿಂದ ದೋಣಿ ಹತ್ತಿ ನದಿ ದಾಟುವುದು ಒಂದು. ಕಾಳಿ ಸೇತುವೆ ದಾಟಿ ಸದಾಶಿವಗಡದಲ್ಲಿ ಎಡಕ್ಕೆ ಹೊರಳಿ ರಸ್ತೆಯಲ್ಲೇ ಹೋಗುವುದು ಇನ್ನೊಂದು. ಪ್ರವಾಸಕ್ಕೆ ಬಂದವರಿಗೆ ದೋಣಿಯೇ ಇಷ್ಟ. ನಾವು ಹೋದದ್ದು ರಸ್ತೆಯಲ್ಲಿ, ಅದೂ ನನ್ನ ತಮ್ಮ ಕೈಯಾರೆ ಕಟ್ಟಿದ ಜೀಪಿನಲ್ಲಿ. ಹಾಗಾಗಿ ಈ ಪ್ರವಾಸದ ಕಥೆ ಉಡುಪಿ ಬಳಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಿಂದಲೇ ಶುರುವಾಗಬೇಕು.

ತಮ್ಮ ಹದಿನಾಲ್ಕು ವರ್ಷ ಸೌದಿಯಲ್ಲಿದ್ದ. ಮರುಭೂಮಿಯಲ್ಲಿ ಸರ್ವೆ ನಡೆಸುವ ಕಂಪೆನಿಯಲ್ಲಿ ಡ್ರೈವರ್ ಕೆಲಸ. ರಸ್ತೆಯೇ ಇಲ್ಲದ ಕಡೆ ದೊಡ್ಡ ಫೋರ್ ವೀಲ್ ಗಾಡಿಗಳನ್ನು ಓಡಿಸಿ, ಹೂತುಹೋದ ಗಾಡಿಗಳನ್ನು ಎಳೆದು ತೆಗೆದು ಅವನಿಗೆ ಅಭ್ಯಾಸ. ಊರಿಗೆ ಮರಳಿದವನು ಉಳಿತಾಯದ ಹಣದಲ್ಲಿ ಚಿಕ್ಕ ಗ್ಯಾರೇಜು ಹಾಕಿದ. ಅಲ್ಲಿಯವರೆಗೆ ಎಲ್ಲರಿಗೂ ಸಂತೋಷವೇ. ಆದರೆ ಒಂದು ದಿನ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಿಂದ ಹಳೆಯ ಮಹೀಂದ್ರ ಎಂ.ಎಂ. 540 ಜೀಪನ್ನು ಲಾರಿಯ ಮೇಲೆ ಹೇರಿಕೊಂಡು ಬಂದಾಗ ಉಮ್ಮ ಬಾಗಿಲಲ್ಲೇ ನಿಂತು, "ಗುಜರಿಯವನು ಕೂಡ ಇದಕ್ಕೆ ದುಡ್ಡು ಕೊಡಲಿಕ್ಕಿಲ್ಲ" ಅಂದರು. ತಮ್ಮನ ಹೆಂಡತಿ ಏನೂ ಹೇಳಲಿಲ್ಲ. ಮನೆಯ ಮಾಡು ಬದಲಿಸಲು ಇಟ್ಟಿದ್ದ ಹಣದ ಒಂದು ಭಾಗ ಅದಕ್ಕೆ ಹೋಗಿದೆಯೆಂದು ಅವಳಿಗೆ ಗೊತ್ತಿತ್ತು. ಆ ಮಳೆಗಾಲ ಪೂರ್ತಿ ಅಡುಗೆಮನೆಯಲ್ಲಿ ಎರಡು ಬಾಲ್ದಿ ಇಟ್ಟೇ ಅವಳು ಕೆಲಸ ಮಾಡಿದಳು.

ಮಹೀಂದ್ರ ಕಂಪೆನಿಯ ಮೊದಲ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. 1945ರಲ್ಲಿ ಮಹೀಂದ್ರ ಸಹೋದರರ ಜೊತೆ ಮಲಿಕ್ ಗುಲಾಮ್ ಮುಹಮ್ಮದ್ ಎಂಬವರೂ ಪಾಲುದಾರರಾಗಿದ್ದರು. ಆಗ ಅದು 'ಮಹೀಂದ್ರ ಆಂಡ್ ಮೊಹಮ್ಮದ್'. ದೇಶ ವಿಭಜನೆಯಾದಾಗ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ 1948ರಲ್ಲಿ ಕಂಪೆನಿಯ ಹೆಸರು ಬದಲಾಯಿತು. ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತಂದು ಮುಂಬಯಿಯಲ್ಲಿ ಜೋಡಿಸುವುದರಿಂದ ಅವರ ಗಾಡಿಗಳ ಕೆಲಸ ಶುರುವಾದದ್ದು. ಎಂ.ಎಂ. 540 ಅದೇ ವಂಶದ ಗಾಡಿ. ಎಂಜಿನ್ ಮಾತ್ರ ಫ್ರಾನ್ಸಿನ ಪ್ಯೂಜೋ ವಿನ್ಯಾಸದ ಡೀಸೆಲ್.

ಬಿಚ್ಚಿದಾಗ ಕಂಡದ್ದು ತುಕ್ಕು. ನೆಲದ ತಗಡನ್ನು ಬೆರಳಲ್ಲಿ ಒತ್ತಿದರೆ ತೂತಾಗುತ್ತಿತ್ತು. ಚಾಸಿಯನ್ನು ಉಜ್ಜಿ, ಎರಡು ಕಡೆ ಕಬ್ಬಿಣ ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಿ, ರೆಡ್ ಆಕ್ಸೈಡ್ ಬಳಿಯುವುದಕ್ಕೇ ಎರಡು ತಿಂಗಳಾಯಿತು. ಟಿಂಕರಿಂಗ್ ಮಾಡಲು ಬಂದ ಮುದುಕರೊಬ್ಬರು ಬಾಗಿಲ ಕೆಳಗಿನ ತಗಡನ್ನು ಸುತ್ತಿಗೆಯಲ್ಲಿ ಬಡಿದು ಬಡಿದು ಆಕಾರ ಕೊಡುತ್ತಿದ್ದುದನ್ನು ನೋಡುವುದೇ ನಮ್ಮ ಮಕ್ಕಳಿಗೆ ರಜೆಯ ಆಟ. ಎಂಜಿನ್ ಇಳಿಸಿ ಪಿಸ್ಟನ್ ರಿಂಗ್, ಬೇರಿಂಗ್ ಬದಲಿಸಿದ. ಮುರಿದ ಕಮಾನು ಪಟ್ಟಿ ತೆಗೆದು ಬೇರೆ ಹಾಕಿದ. ಹಿಂದಿನ ಎರಡು ಬೆಂಚುಗಳಿಗೆ ತಿರುಗಣಿ ಕೊಟ್ಟು ಮೇಲಕ್ಕೆ ಮಡಚುವಂತೆ ಮಾಡಿದ. ಬೆಂಚು ಎತ್ತಿದರೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ಹಿಡಿಯುತ್ತದೆ.

ಹಿಂಭಾಗವನ್ನು ಪೂರ್ತಿ ಕತ್ತರಿಸಿ ಚಿಕ್ಕ ಟ್ರಕ್ಕಿನಂತೆ ಮಾಡಬೇಕು, ದೊಡ್ಡ ದೊಡ್ಡ ಚಕ್ರ ಹಾಕಬೇಕು ಎಂಬುದು ಅವನ ಮೊದಲ ಆಸೆಯಾಗಿತ್ತು. ಆದರೆ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ. ಗಾಡಿಯ ಮೂಲ ರೂಪವನ್ನು ನಮಗೆ ಬೇಕಾದಂತೆ ಬದಲಿಸುವ ಹಾಗಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿದೆ. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್ ವಿರುದ್ಧ 2017ರಲ್ಲೇ ಕೇಂದ್ರ ಸರಕಾರ ಕ್ರಮಕ್ಕೆ ಸೂಚಿಸಿತ್ತು. ಗಾಡಿಗೆ ಶೋಭೆ ಇರಬಹುದು, ಅದು ಬಡಿಯುವುದು ದಾರಿಯಲ್ಲಿ ನಡೆಯುವವನಿಗೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್.ಸಿ.ಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ತಪಾಸಣೆಯಲ್ಲೂ ಪಾಸಾಗಬೇಕು. ಆದ್ದರಿಂದ ಹೊರಗಿನ ರೂಪ ಹುಟ್ಟಿದಾಗ ಇದ್ದಂತೆಯೇ ಉಳಿಯಿತು. ಹೊಸದಾಗಿ ಸೇರಿದ್ದು ಎಡಬದಿಯಲ್ಲಿ ಒಂದು ಮೆಟ್ಟಿಲು. ಮೊಣಕಾಲು ನೋವಿನ ಉಮ್ಮನಿಗೆ ಹತ್ತಲು. ಅದನ್ನು ನೋಡಿದ ದಿನದಿಂದ ಉಮ್ಮ 'ಗುಜರಿ' ಅನ್ನುವುದನ್ನು ಬಿಟ್ಟು 'ನಮ್ಮ ಜೀಪು' ಅನ್ನತೊಡಗಿದರು.

ಜೀಪಿನಲ್ಲಿ ಗೇರಿನ ಪಕ್ಕ ಇನ್ನೊಂದು ಗಿಡ್ಡ ಕಡ್ಡಿ ಇರುತ್ತದೆ. ಫೋರ್ ವೀಲಿನ ಗುಟ್ಟೆಲ್ಲ ಅದರಲ್ಲಿ. ಸಾಮಾನ್ಯವಾಗಿ ಗಾಡಿಯನ್ನು ದೂಡುವುದು ಹಿಂದಿನ ಎರಡು ಚಕ್ರ. ಕಡ್ಡಿ ಎಳೆದರೆ ಮುಂದಿನ ಎರಡಕ್ಕೂ ಎಂಜಿನ್ನಿನ ಬಲ ಸಿಗುತ್ತದೆ. ಇನ್ನೂ ಒಂದು ಹಂತ ಎಳೆದರೆ ಲೋ ಗೇರು, ಆಗ ವೇಗ ಇಳಿದು ಎಳೆಯುವ ಶಕ್ತಿ ಹೆಚ್ಚುತ್ತದೆ. ಹಾಗೆಂದು ಡಾಂಬರು ರಸ್ತೆಯಲ್ಲಿ ಅದನ್ನು ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಮರಳು, ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರುವುದಿಲ್ಲ, ಆ ಒತ್ತಡವೆಲ್ಲ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಕಾರ್ಕಳದ ಬಳಿ ಪರಿಚಯದವರ ರಬ್ಬರ್ ತೋಟದ ಕಡಿದಾದ ಮಣ್ಣುದಾರಿಯಲ್ಲಿ ತಮ್ಮ ನನಗೂ ಅವನ ಹೆಂಡತಿಗೂ ಇದನ್ನೆಲ್ಲ ಕಲಿಸಿದ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ನಿಲ್ಲಬೇಡಿ, ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ ಎಂದು ಹತ್ತು ಸಲ ಹೇಳಿದ. ನಾದಿನಿ ಮೊದಲ ಸಲವೇ ಕಲಿತಳು. ನನಗೆ ನಾಲ್ಕು ಸಲ ಬೇಕಾಯಿತು.

2025ರ ಜನವರಿಯಲ್ಲಿ, ಒಂದು ಶುಕ್ರವಾರ ಕಳೆದ ಮರುದಿನ ಬೆಳಕು ಹರಿಯುವ ಮೊದಲೇ ಹೊರಟೆವು. ಹಿಂದೆ 17 ಎನ್ನುತ್ತಿದ್ದ, ಈಗ 66 ಎಂದಾಗಿರುವ ಹೆದ್ದಾರಿ. ಕಾರವಾರಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಈ ಜೀಪಿಗೆ ಅರುವತ್ತರ ವೇಗವೇ ಹಿತ. ಅದಕ್ಕಿಂತ ಮೇಲೆ ಹೋದರೆ ಪಕ್ಕದವರ ಮಾತು ಕೇಳಿಸದು. ಭಟ್ಕಳದಿಂದ ಹೊನ್ನಾವರದವರೆಗೆ ನಾನು ಓಡಿಸಿದೆ. ಸ್ಟಿಯರಿಂಗ್ ಎಂದರೆ ರುಬ್ಬುವ ಕಲ್ಲು! ಬುರ್ಖಾ ತೊಟ್ಟವಳು ಜೀಪು ಓಡಿಸುವುದನ್ನು ಕಂಡ ಟೋಲ್ ಗೇಟಿನ ಹುಡುಗ ಚಿಲ್ಲರೆ ಕೊಡುವುದನ್ನೇ ಮರೆತ. ಉಮ್ಮ ಹಿಂದಿನಿಂದಲೇ ಕೇಳಿ ತೆಗೆದುಕೊಂಡರು.

ಅಂಕೋಲಾ ತಾಲೂಕಿನ ಶಿರೂರು ಬಂದಾಗ ಎಲ್ಲರ ಮಾತೂ ನಿಂತಿತು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಪಕ್ಕದ ಗಂಗಾವಳಿ ನದಿಯ ಒಳಗೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯ ಸಂಸಾರವೂ ಚಹಾ ಕುಡಿಯಲೆಂದು ಲಾರಿ ನಿಲ್ಲಿಸಿದ್ದವರೂ ಮಣ್ಣು ನೀರಿನ ಪಾಲಾದರು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೂ ಅದರ ಚಾಲಕನ ದೇಹವೂ ನದಿಯಿಂದ ಸಿಕ್ಕಿದ್ದು 71 ದಿನಗಳ ನಂತರ, ಸೆಪ್ಟೆಂಬರ್ 25ರಂದು. ಭಾರೀ ಮಳೆಯ ಜೊತೆಗೆ ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಆಗ ಬಹಳ ಚರ್ಚೆಯಾಯಿತು. ಗುಡ್ಡ ತಲೆಯ ಮೇಲೆ ಬೀಳುವಾಗ ಗಾಡಿ ಎಷ್ಟು ಬಲದ್ದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ಅಲ್ಲಿ ನಿಲ್ಲಿಸಲಿಲ್ಲ. ದುರಂತದ ಜಾಗದಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೂ ಆಗುವುದಿಲ್ಲ.

ಕಾಳಿ ಸೇತುವೆಗೂ ಅಂಥದ್ದೇ ನೆನಪಿದೆ. ಶಿರೂರಿನ ಮೂರು ವಾರಗಳ ನಂತರ, 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ಇಲ್ಲಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಕ್ಯಾಬಿನ್ನಿನ ಮೇಲೆ ಹತ್ತಿ ಕೂತಿದ್ದ. ಪೊಲೀಸರೂ ಮೀನುಗಾರರೂ ಸೇರಿ ಆ ಕತ್ತಲಲ್ಲಿ ಅವನನ್ನು ಬದುಕಿಸಿದರು. ನಾವು ದಾಟಿದ್ದು ಪಕ್ಕದ ಹೊಸ ಸೇತುವೆಯನ್ನು. ಕೆಳಗೆ ನದಿ ಶಾಂತವಾಗಿ ಅಗಲಕ್ಕೆ ಹರಡಿತ್ತು. ಜೋಯಿಡಾದ ಕಾಡಿನಲ್ಲಿ ಹುಟ್ಟಿ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ 184 ಕಿಲೋಮೀಟರು ಹರಿದು ಬಂದ ಸುಸ್ತು ಇರಬೇಕು. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ 1880ರ ದಶಕದ ಆರಂಭದಲ್ಲಿ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಈ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದ್ದರಂತೆ. ಆ ಕಾಲದಲ್ಲಿ ಮರಳಿಗೆ ಕಾಲೇ ವಾಹನ.

ದೇವಬಾಗ ತಲುಪಿದಾಗ ಮಧ್ಯಾಹ್ನ ದಾಟಿತ್ತು. ರಸ್ತೆ ಮುಗಿಯುವಲ್ಲಿ ಗಾಳಿಮರಗಳು, ಅವುಗಳ ನಡುವೆ ಬೆಳ್ಳಗೆ ಕಾಣುವ ಸಮುದ್ರ. ಗಾಳಿಗೆ ಆ ಮರಗಳು ಮಾಡುವ ಸದ್ದು ಮಳೆಯ ಹಾಗೆ. ತಮ್ಮನ ಮುಖ ನೋಡಬೇಕಿತ್ತು! ಎರಡು ವರ್ಷ ಅವನು ಗಾಡಿ ಕಟ್ಟಿದ್ದು ಈ ಗಳಿಗೆಗಾಗಿ. ಇಳಿದು ನಾಲ್ಕೂ ಟಯರುಗಳ ಗಾಳಿ ನೋಡಿದ. ಮರಳಿನಲ್ಲಿ ಓಡಿಸಬೇಕಾದರೆ ಗಾಳಿಯನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಆಗ ಟಯರು ಚಪ್ಪಟೆಯಾಗಿ ಒಂಟೆಯ ಪಾದದಂತೆ ಅಗಲವಾಗುತ್ತದೆ, ಹೂಳುವುದಿಲ್ಲ. ಅಷ್ಟರಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ಎದ್ದು ಬಂದರು.

"ಗಾಡಿ ಇಲ್ಲೇ ಇರಲಿ ತಮ್ಮಾ. ಅಲ್ಲಿ ಆಮೆ ತತ್ತಿ ಇಟ್ಟಿದೆ" ಅಂದರು.

ಅವರು ತೋರಿಸಿದ ಕಡೆ ಗೂಟ ನೆಟ್ಟು ಬಲೆ ಸುತ್ತಿದ ಚಿಕ್ಕ ಬೇಲಿಯಿತ್ತು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಎಂಬ ಕಡಲಾಮೆಗಳು ಈ ದಡಕ್ಕೆ ಬರುತ್ತವೆ. ಒಂದೂವರೆ ಅಡಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆ ಇಟ್ಟು, ಮರಳು ಮುಚ್ಚಿ ಸಮುದ್ರಕ್ಕೆ ಮರಳುತ್ತವೆ. ತಾಯಿ ಮತ್ತೆ ನೋಡಲು ಬರುವುದಿಲ್ಲ. ಮರಳಿನ ಬಿಸಿಗೆ 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅರಣ್ಯ ಇಲಾಖೆಯವರು ಮೀನುಗಾರರ ನೆರವಿನಿಂದ ಸಿಕ್ಕಿದ ಗೂಡುಗಳಿಗೆ ಬೇಲಿ ಹಾಕುತ್ತಾರೆ. ಸಿಗದ ಗೂಡುಗಳು ಎಲ್ಲಿವೆಯೋ ಯಾರಿಗೆ ಗೊತ್ತು? ಮೇಲಿನಿಂದ ನೋಡಿದರೆ ಬರೀ ಮರಳು. ಅದರ ಮೇಲೆ ಒಂದು ಟನ್ನಿಗೂ ಹೆಚ್ಚು ಭಾರದ ಗಾಡಿ ಹೋದರೆ ಮರಳು ಒತ್ತಿ ಗಟ್ಟಿಯಾಗುತ್ತದೆ. ಮೊಟ್ಟೆ ಉಳಿದರೂ ಮರಿಗೆ ಮೇಲೆ ಬರಲು ಕಷ್ಟ. ಬಂದ ಮರಿಯೂ ಟಯರಿನ ಗುರುತಿನ ಚರಂಡಿಗೆ ಬಿದ್ದರೆ ಹತ್ತಲಾರದು. ಬೆರಳುದ್ದದ ಜೀವ ಅದು. ಸಮುದ್ರ ಎದುರಿಗಿದ್ದರೂ ಅದೇ ಚರಂಡಿಯಲ್ಲಿ ಉದ್ದಕ್ಕೆ ತೆವಳಿ ಕಾಗೆ, ನಾಯಿಗಳ ಬಾಯಿಗೆ ಬೀಳುತ್ತದೆ.

ತಮ್ಮ ಆ ಬೇಲಿಯವರೆಗೆ ನಡೆದುಹೋದ. ಕುಕ್ಕರುಗಾಲಲ್ಲಿ ಕೂತು ನೋಡಿದ. ಮರಳಿ ಬಂದು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. "ಮರುಭೂಮಿಯಲ್ಲಿ ಗಾಡಿ ಹೂತರೆ ನಮಗೆ ಮಾತ್ರ ತೊಂದರೆ" ಅಂದ, ಅಷ್ಟೇ. ಎಲ್ಲರೂ ಚಪ್ಪಲಿ ಬಿಟ್ಟು ನಡೆದೆವು. ನಾದಿನಿ ಅವನ ಪಕ್ಕದಲ್ಲೇ ನಡೆಯುತ್ತಿದ್ದಳು. ಹಣದ ಬಗ್ಗೆ, ಮಾಡಿನ ಬಗ್ಗೆ ಅವಳು ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಎದುರಿಗೆ ಕೂರ್ಮಗಡ ದ್ವೀಪ ಕಾಣುತ್ತಿತ್ತು. ಮಕ್ಕಳು ಏಡಿಗಳ ಹಿಂದೆ ಓಡಿದರು. ಉಮ್ಮ ಗಾಳಿಮರದ ಬುಡದಲ್ಲಿ ಕೂತು ಆ ಹೆಂಗಸಿನ ಹತ್ತಿರ ಒಣಮೀನಿನ ಉಪ್ಪಿನ ಲೆಕ್ಕ ವಿಚಾರಿಸುತ್ತಿದ್ದರು. ಅವರದು ಕೊಂಕಣಿ ಬೆರೆತ ಕನ್ನಡ, ಉಮ್ಮನದು ಬ್ಯಾರಿ ಬೆರೆತದ್ದು. ಮೀನಿನ ವಿಷಯದಲ್ಲಿ ಭಾಷೆ ಅಡ್ಡ ಬರಲಿಲ್ಲ.

ಹೊರಡುವ ಹೊತ್ತಿಗೆ ಕೂಗು ಕೇಳಿಸಿತು. ಮೀನಿನ ಟೆಂಪೋ ಒಂದು ತಿರುಗಿಸುವಾಗ ರಸ್ತೆಯಂಚಿನ ಸಡಿಲ ಮರಳಿಗೆ ಇಳಿದು ಹೂತಿತ್ತು. ಚಾಲಕ ಎಕ್ಸಲೇಟರ್ ಒತ್ತಿದಷ್ಟೂ ಅದು ಕೆಳಗೇ ಹೋಗುತ್ತಿತ್ತು. ಒಳಗೆ ಮಂಜುಗಡ್ಡೆ ಹಾಕಿದ ಬಂಗುಡೆ, ಸಂಜೆಯೊಳಗೆ ಊರು ಮುಟ್ಟಬೇಕು. ತಮ್ಮ ಮೊದಲು ಮಾಡಿದ್ದು ಟೆಂಪೋ ಎಂಜಿನ್ ನಿಲ್ಲಿಸಿದ್ದು. ಹಿಂದಿನ ಚಕ್ರಗಳ ಗಾಳಿ ಇಳಿಸಿ, ಕೈಯಿಂದ ಮರಳು ಬಗೆದು, ಅಡಿಗೆ ತೆಂಗಿನ ಮಡಲು ತುಂಬಿಸಿದ. ಜೀಪನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ದೋಣಿಯ ದಪ್ಪ ಹಗ್ಗ ಕಟ್ಟಿದ. ಹಗ್ಗ ಹರಿದರೆ ಚಾಟಿಯಂತೆ ಹೊಡೆಯುತ್ತದೆಂದು ಮಕ್ಕಳನ್ನೂ ನೋಡಲು ನಿಂತವರನ್ನೂ ದೂರ ಕಳಿಸಿದ. ಆಮೇಲೆ ಹೆಂಡತಿಯನ್ನು ಕರೆದು, "ನೀನು ಕೂತುಕೋ. ಲೋ ಗೇರು. ಜಗ್ಗಬೇಡ, ಮೆಲ್ಲಗೆ ಬಿಡು" ಅಂದ. ತಾನು ಟೆಂಪೋ ಪಕ್ಕ ನಿಂತ.

ಗಿಡ್ಡ ಕಡ್ಡಿ ಕಟಕ್ಕೆಂದು ಕೂತಿತು. ಹಗ್ಗ ಬಿಗಿಯಾಯಿತು. ಒಂದು ಕ್ಷಣ ಏನೂ ಅಲುಗಲಿಲ್ಲ. ಆಮೇಲೆ ಮಡಲುಗಳು ಚರಚರ ಮುರಿಯುತ್ತಾ, ಟೆಂಪೋ ಹೊಟ್ಟೆಗೆ ಮರಳು ಅಂಟಿಸಿಕೊಂಡು ಮೇಲೆ ಬಂತು. ಮೀನು ಒಣಗಿಸುತ್ತಿದ್ದ ಹೆಂಗಸರೆಲ್ಲ ನಾದಿನಿಯನ್ನು ನೋಡಿ ನಕ್ಕರು. ಅವಳು ಮುಖವೆಲ್ಲ ಕೆಂಪು ಮಾಡಿಕೊಂಡು ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

ಟೆಂಪೋ ಚಕ್ರಗಳಿಗೆ ನಮ್ಮ ಕಾಲ್ಪಂಪಿನಿಂದ ಗಾಳಿ ತುಂಬಿಸಲು ಅರ್ಧ ಗಂಟೆ ಹಿಡಿಯಿತು. ಚಾಲಕ ದುಡ್ಡು ಕೊಡಲು ಬಂದ, ತಮ್ಮ ತೆಗೆದುಕೊಳ್ಳಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಂಗುಡೆ ತುಂಬಿ ಮಡಚುವ ಬೆಂಚಿನ ಕೆಳಗೆ ಇಟ್ಟೇಬಿಟ್ಟ. ಮೆಟ್ಟಿಲು ಹತ್ತಿ ಕೂತ ಉಮ್ಮ ಚೀಲ ಬಿಚ್ಚಿ ಕಿವಿರು ಎತ್ತಿ ನೋಡಿ, "ಇವತ್ತಿನದೇ" ಅಂದರು. ಕಾರವಾರದಲ್ಲಿ ನಾವು ಉಳಿಯಲಿದ್ದ ಸಂಬಂಧಿಕರ ಮನೆಗೆ ಫೋನು ಮಾಡಿ, ಹುಳಿ, ಮೆಣಸು ಅರೆದಿಡಲು ಹೇಳಿದರು. ಜೀಪಿನ ಅಡಿಭಾಗಕ್ಕೆ ಸಿಹಿನೀರು ಹೊಡೆಯಲು ಅವರ ಬಾವಿಯ ಪಂಪು ಬೇಕೆಂದು ತಮ್ಮ ನಡುವೆಯೇ ಕೂಗಿ ಸೇರಿಸಿದ.