ಕಮಾನು ಪಟ್ಟಿಯ ಲೆಕ್ಕ

ನಮ್ಮ ಕನಕಪುರದ ಕಡೆ ಹಳೇ ಮಹೀಂದ್ರಾ ಜೀಪನ್ನು ಕಡಿಮೆ ಖರ್ಚಿನಲ್ಲಿ ಎತ್ತರಿಸಬೇಕೆಂದರೆ ಮೊದಲು ನೆನಪಾಗುವುದು ಗುಜರಿ. ಲಾರಿಯಿಂದ ಕಳಚಿದ ಕಮಾನು ಪಟ್ಟಿ ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಕುಲುಮೆಗೆ ಹೋದರೆ ಅದೇ ಉಕ್ಕು ಮಚ್ಚಾಗುತ್ತದೆ.

ಚಿಕ್ಕಪ್ಪನ ಜೀಪು ವಾರವೆಲ್ಲ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತದೆ. ಮನೆ ನಡೆಯುವುದು ಅದರಿಂದಲೇ. ಭಾನುವಾರ ಅವರ ಮಗ ಅದನ್ನು ಬಂಡೆ ಹತ್ತಿಸುತ್ತಾನೆ. ಲಾರಿಯದೊಂದು ದಪ್ಪ ಪಟ್ಟಿ ಸೇರಿಸುವ ಆಸೆ ಅವನಿಗೆ. ‘ಪಿಎಚ್‌ಡಿ ಮಾಡ್ತಿದೀಯಲ್ಲ, ನೀನೇ ಹೇಳು’ ಎಂದ.

ಹೇಳಿದೆ. ಉದ್ದ, ಅಗಲ ಹಾಗೇ ಇದ್ದು ಪಟ್ಟಿಯ ದಪ್ಪ ಮಾತ್ರ ಎರಡರಷ್ಟಾದರೆ ಬಿಗಿ 8 ಪಟ್ಟು. ಎತ್ತರ ಸಿಗುತ್ತದೆ, ಬಾಗುವ ಗುಣ ಹೋಗುತ್ತದೆ. ಬಾಗದ ಪಟ್ಟಿ ಬಂಡೆಯ ಮೇಲೆ ಚಕ್ರವನ್ನು ಗಾಳಿಯಲ್ಲಿ ನಿಲ್ಲಿಸುತ್ತದೆ. ಭಾರದ ಕೇಂದ್ರ ಮೇಲೇರಿದ ಜೀಪು ಮಾಗಡಿ ಕಡೆಯ ತಿರುವುಗಳಲ್ಲಿ ಹೆಚ್ಚು ವಾಲುತ್ತದೆ. ಬ್ರೇಕ್ ಹೋಸ್ ಗಿಡ್ಡವಾಗುತ್ತದೆ. ದಣಿದ ಉಕ್ಕಿನ ಕೂದಲೆಳೆ ಬಿರುಕು ಕಣ್ಣಿಗೆ ಬೀಳದು. ಜೊತೆಗೆ, ವಾಹನದ ಮೂಲ ವಿವರಗಳನ್ನು ಬದಲಿಸದಂತೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ.

ಹಾಗೆಂದು ಜೀಪು ಕುಸಿದೇ ಇರಬೇಕಿಲ್ಲ. ಅದರದೇ ಪಟ್ಟಿಗಳನ್ನು ಬಿಚ್ಚಿ ಮತ್ತೆ ಕಮಾನು ಕೊಡಿಸಬಹುದು, ಸವೆದ ಬುಷ್ ಬದಲಿಸಬಹುದು. ಕಳೆದುಹೋದ ಎತ್ತರವಷ್ಟೇ ಮರಳುತ್ತದೆ. ಗೂಡು ಹೊರುವ ಜೀಪಿಗೆ ಅಷ್ಟು ಸಾಕು.