ಹೋಗ್ಯಾಳ, ಹೋಗಿದ್ದಾಳೆ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನ ಕೆಲಸ, ಅದರ ಮೇಲೆ ಸೋಮಾರಿತನ... ಎರಡೂ ಸೇರಿದರೆ ಕೇಳಬೇಕೆ? :) ಜೊತೆಗೆ 2025ರ ಜುಲೈಯಿಂದ ಶನಿವಾರ ರಾತ್ರಿ ಎಂಟಕ್ಕೆ ನಾನು ಮಾಸ್ತರ ಬೇರೆ ಆಗಿಬಿಟ್ಟಿದ್ದೇನೆ.

ಅಕ್ಕನ ಮಗ ನಮ್ಮೂರು ಹುಲಗೂರಿನಲ್ಲಿ ಆರನೇತ್ತ. "ಲೆಕ್ಕ ಮಾಡ್ತಾನ, ಆದ್ರ ಸ್ವಂತದ್ದು ನಾಲ್ಕ ಸಾಲು ಬರಿಯಾಕ ಬರೂದಿಲ್ಲೋ" ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಬೆಂಗಳೂರಿನಲ್ಲಿ ಕೂತ ನಾನು ವಿಡಿಯೋ ಕಾಲಿನಲ್ಲೇ ಕಲಿಸುತ್ತೇನೆ ಅಂದೆ. ಮೊದಲ ವಾರ ಅವನೊಬ್ಬ, ಮೂರನೇ ವಾರಕ್ಕೆ ಓಣಿಯ ಆರು ಹುಡುಗರು. ಫೋನು ಮಾತ್ರ ಒಂದೇ. ಭಾವ ಹೊಲದಿಂದ ಬಂದು, ಉಂಡು, ಅದು ಚಾರ್ಜ್ ಆಗುವ ಹೊತ್ತಿಗೆ ಎಂಟು.

ಇವರಲ್ಲಿ ಹೆಚ್ಚಿನವರು ಒಂದನೇತ್ತ ಸೇರಿದ್ದು 2020ರಲ್ಲಿ. ಆಗ ಶಾಲೆ ಮುಚ್ಚಿತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಕೈ ಹಿಡಿದು ತಿದ್ದಿಸುವ ವರ್ಷವೇ ಇವರ ಪಾಲಿಗೆ ಬರಲಿಲ್ಲ. ಈಗ ಕಲಿಸಲು ಬಂದ ನಾನಾದರೂ ಕೈ ಹಿಡಿಯಬಲ್ಲೆನೇ? ಅದೂ ಇಲ್ಲ. ಹುಡುಗರು ಪಾಟಿಯನ್ನು ಕ್ಯಾಮೆರಾಕ್ಕೆ ಹಿಡಿದರೆ ಅವರ ಪರದೆಯಲ್ಲಿ ಕನ್ನಡಿಯ ಹಾಗೆ ತಿರುಗಾಮುರುಗಾ. "ಸರ, ಉಲ್ಟಾ ಬಂತ್ರಿ!" ಅಂತ ಗಲಾಟೆ. ನನಗೆ ಸರಿಯಾಗೇ ಕಾಣುತ್ತದೆ ಅಂತ ನಂಬಿಸುವುದರಲ್ಲೇ ಒಂದು ಕ್ಲಾಸು ಹೋಯಿತು.

ಒಬ್ಬ ಹುಡುಗಿ ಪ್ರತಿ ಸಲ 'ಸೂ೯ಯ' ಅಂತ ಬರೆಯುತ್ತಿದ್ದಳು, ಅರ್ಕಾವತ್ತನ್ನು 'ಸೂ'ಗೆ ಅಂಟಿಸಿ. ಹತ್ತು ಸಲ ತಿದ್ದಿದ ಮೇಲೆ ನನಗೆ ಹೊಳೆಯಿತು, ಅವಳ ಕಿವಿ ಸರಿಯಾಗಿಯೇ ಇದೆ. ಬಾಯಲ್ಲಿ 'ರ' ಮೊದಲು, 'ಯ' ಆಮೇಲೆ. ಕೈಯಲ್ಲಿ ಮಾತ್ರ 'ಯ' ಮೊದಲು. ಯೂನಿಕೋಡಿನಲ್ಲೂ ರ, ಹಲಂತ, ಯ ಅಂತ ಕೇಳಿದ ಕ್ರಮದಲ್ಲೇ ಇರುತ್ತದಲ್ಲ! ಅದನ್ನೇ ಹೇಳಿದೆ: "ನೀ ಕೇಳಿದ್ದು ಖರೇ, ಆದ್ರ ಆ ಗುರುತು ಒಂದು ಮನಿ ದಾಟಿ ಕೂಡತದ." ಅವತ್ತಿನಿಂದ ತಪ್ಪು ಕಡಿಮೆಯಾಯಿತು.

ಅಕ್ಷರಕ್ಕಿಂತ ವಾಕ್ಯವೇ ಕಷ್ಟ. 'ನಮ್ಮ ಊರು' ಬರೆಯಿರಿ ಅಂದರೆ ಆರೂ ಜನ ಒಂದೇ ಗೈಡಿನಿಂದ ಇಳಿಸಿದ ಹಾಗೆ, 'ನಮ್ಮ ಊರು ಸುಂದರವಾದ ಊರು'. ಸುಂದರ ಅಂದರೆ ಏನು ಕಂಡಿರಿ ಅಂತ ಕೇಳಿದರೆ ಮೌನ. ಅದಕ್ಕೆ ಡಿಸೆಂಬರಿನಲ್ಲಿ 'ನಮ್ಮ ಮನೆಯಲ್ಲಿ ಈ ವಾರ ಆದದ್ದು' ಅಂತ ಕೊಟ್ಟೆ. ಯಾವತ್ತೂ ಮಾತಾಡದ ಒಬ್ಬ ಹುಡುಗ ಒಂದೇ ಸಾಲು ಬರೆದು ಫೋಟೋ ಕಳಿಸಿದ: 'ನಮ್ಮವ್ವ ಕಾಫಿ ತೋಟಕ್ಕ ಹೋಗ್ಯಾಳ'.

ನಾನು ಏನು ಮಾಡಿದೆ ಗೊತ್ತೇ? ಫೋಟೋದ ಮೇಲೆ ಕೆಂಪು ಗೆರೆ ಎಳೆದು, 'ಹೋಗಿದ್ದಾಳೆ' ಅಂತ ಬರೆದು, ಗುಂಪಿಗೇ ಕಳಿಸಿದೆ. ಕೋಡ್ ರಿವ್ಯೂ ಮಾಡಿ ಮಾಡಿ ಕೆಟ್ಟ ಚಟ.

ಮುಂದಿನ ಶನಿವಾರ ಅವನಿಲ್ಲ. ಅದರ ಮುಂದಿನದೂ ಇಲ್ಲ. ಅಕ್ಕ ಬೈದಳು. "ಅವ್ವ ಚಿಕ್ಕಮಗಳೂರ ಕಡೆ ಹೋಗಿ ಹದಿನೈದು ದಿನ ಆಗಿತ್ತು. ಅಜ್ಜಿ ಕೂಡ ಒಬ್ಬನ ಅದಾನ. ನೀ ಅದನ್ನ ಬಿಟ್ಟು ಕಾಗುಣಿತ ನೋಡಿದಿ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ತಾಲ್ಲೂಕಿನವರೇ ಆದ ಶಿಶುನಾಳ ಶರೀಫರು ನೆನಪಾದರು. ನಮ್ಮೂರ ಖಾದ್ರಿ ಅಜ್ಜಾರ ಕೃಪೆಯಿಂದ ಹುಟ್ಟಿದವರು ಅಂತ ಅವರ ಬಗ್ಗೆ ನಮ್ಮ ಕಡೆ ಹೇಳುತ್ತಾರೆ. ಕೆಲಕಾಲ ಕನ್ನಡ ಶಾಲೆಯ ಮಾಸ್ತರರೂ ಆಗಿದ್ದವರು. ಅವರು ಪದ ಕಟ್ಟಿದ್ದು ನಾವು ಕಟ್ಟೆಯ ಮೇಲೆ ಕೂತು ಆಡುವ ಮಾತಿನಲ್ಲೇ. ನಾಡೆಲ್ಲ ಹಾಡುತ್ತದೆ. ಅವಕ್ಕೆ ಕೆಂಪು ಗೆರೆ ಎಳೆಯುತ್ತೇನೆಯೇ ನಾನು?

ದಾರಿ ತೋರಿಸಿದ್ದು ಆ 'ಸೂರ್ಯ'ದ ಹುಡುಗಿಯೇ. ಒಂದೂ ತಪ್ಪಿಲ್ಲದ ಅರ್ಧ ಪುಟ ಟೈಪ್ ಆಗಿ ಬಂತು. ಹೇಗೆ ಅಂದರೆ, "ಮೈಕ್ ಒತ್ತಿ ಹೇಳಿದ್ನಿರಿ ಸರ". ನಗು ಬಂತು. ಬರವಣಿಗೆ ಇಲ್ಲ, ಆದರೆ ವಿಷಯ ಇತ್ತಲ್ಲ! ಹಾಗಾದರೆ ಮೊದಲು ಹೇಳಲಿ ಅಂತ ನಿಯಮ ಬದಲಿಸಿದೆ. ವಾಟ್ಸಾಪಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಬೇಕು, ಅದನ್ನೇ ನಿಲ್ಲಿಸಿ ನಿಲ್ಲಿಸಿ ಕೇಳಿ, ಆಡಿದ ಹಾಗೇ ಪಾಟಿಯಲ್ಲಿ ಬರೆಯಬೇಕು. ಉಸಿರು ನಿಂತಲ್ಲಿ ಪೂರ್ಣವಿರಾಮ. ಪುಸ್ತಕದ ಭಾಷೆಗೆ ತಿರುಗಿಸುವುದು ಮರುವಾರದ ಕೆಲಸ. ಅದೂ ಬೇಕು, ಪರೀಕ್ಷೆಯಲ್ಲಿ 'ಹೋಗ್ಯಾಳ' ನಡೆಯುವುದಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಆ ಹುಡುಗನ ಮನೆಗೆ ಹೋದೆ. "ನಂದ ತಪ್ಪಪಾ" ಅಂದೆ. ಅವನು ಏನೂ ಅನ್ನಲಿಲ್ಲ. ಅಜ್ಜಿ ಚಹಾ ಕೊಟ್ಟರು. ಅವ್ವನಿಗೆ ಏನಾದರೂ ಹೇಳುವುದಿದ್ದರೆ ಇದರಲ್ಲಿ ಹೇಳು ಅಂತ ನನ್ನ ಫೋನು ಕೊಟ್ಟು ಹೊರಗೆ ಕೂತೆ.

ಎರಡು ವಾರದ ಮೇಲೆ ಅಕ್ಕನ ಫೋನಿನಿಂದ ಒಂದು ಫೋಟೋ ಬಂತು. ಪೂರ್ತಿ ಒಂದು ಪುಟ. ಆಕಳು ಕರು ಹಾಕಿದ್ದು, ಅಜ್ಜಿಯ ಕೆಮ್ಮು, ತನಗೆ ಅಂಗಿ ಬೇಡ ಆದರೆ ಬೇಗ ಬಾ ಅನ್ನುವುದು. ಅವನವ್ವನಿಗೆ ಓದಲು ಬರುವುದಿಲ್ಲ. ತೋಟದ ಲೈನ್ ಮನೆಯಲ್ಲಿ ಯಾರೋ ಓದಿ ಹೇಳಿದರಂತೆ, ಎರಡು ಸಲ.

ಅರ್ಕಾವತ್ತು ಮೂರು ಕಡೆ ತಪ್ಪಿದೆ. ಬರುವ ಶನಿವಾರ ಹೇಳಿದರಾಯಿತು, ಅವನೊಬ್ಬನಿಗೇ.